ಕೊನೆಯ ಅಧ್ಯಾಯ ಇಟ್ಟುಕೊಂಡ ಅಕ್ಕ

ಲೈಬ್ರರಿ ಅಕ್ಕ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾನು ಹುಳಿಯಾರಿನ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಬಿಸಿಯೂಟಕ್ಕೆ ಸಾಲಾಗಿ ಕೂರಿಸುತ್ತಿದ್ದೆ. ಅವರ ತಂಗಿ ಫೋನ್ ಮಾಡಿದ್ದರು. ನಿಜ ಹೇಳಿಬಿಡುತ್ತೇನೆ, ನನಗೆ ದುಃಖವಾಗಲಿಲ್ಲ. ಹನ್ನೆರಡು ವರ್ಷಗಳಿಂದ ನಾನು ಅವರ ಮುಖ ನೋಡಿರಲಿಲ್ಲ. ತುರುವೇಕೆರೆಗೆ ತವರಿಗೆ ಹೋದಾಗಲೆಲ್ಲ ಅವರ ಬೀದಿ ತಪ್ಪಿಸಿ, ಕೆರೆ ಏರಿಯ ಕಡೆಯಿಂದ ಸುತ್ತಿಕೊಂಡು ಹೋಗುವಷ್ಟು ಹಟ ನನ್ನದು. "ಅಯ್ಯೋ ಪಾಪ" ಎಂದು ತುಟಿಯ ತುದಿಯಲ್ಲಿ ಹೇಳಿ ಮಕ್ಕಳಿಗೆ ಸಾರು ಬಡಿಸಿದೆ. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿದೆ.

"ನಿಮ್ಮ ಹೆಸ್ರು ಬರ್ದು ಒಂದು ಗಂಟು ಕಟ್ಟಿಟ್ಟವ್ಳೆ ಕಣ್ರೀ. ಬಂದು ತಗೊಂಡೋಗ್ರಿ" ಎಂದಿದ್ದರು ತಂಗಿ. ಹನ್ನೊಂದನೇ ದಿನ ಕಳೆದ ಮೇಲೆ ಹೋಗಿ ತಂದೆ. ಆ ಗಂಟು ಬಿಚ್ಚಿ ಇವತ್ತಿಗೆ ಮೂರು ವಾರ. ಇನ್ನೂ ನನಗೆ ಸರಿಯಾಗಿ ಅನ್ನ ಇಳಿಯುತ್ತಿಲ್ಲ. ಅದರಲ್ಲಿ ಏನಿತ್ತು ಎಂದು ಹೇಳುವ ಮೊದಲು ಅವರು ಎಂಥವರು ಎಂದು ಹೇಳಬೇಕು, ಇಲ್ಲದಿದ್ದರೆ ಯಾರಿಗೂ ಅರ್ಥವಾಗದು.

ತೊಂಬತ್ತರ ದಶಕದ ನಡುವಿನ ಮಾತು. ತುರುವೇಕೆರೆಯಲ್ಲಿ ನಮ್ಮ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಡೆ ಹೊಲಿಗೆ ಮಿಷನ್ನು, ಇನ್ನೊಂದು ಕಡೆ ಗೋಡೆಯುದ್ದಕ್ಕೂ ಪುಸ್ತಕ. ರವಿಕೆ ಹೊಲಿಯುತ್ತಲೇ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದರು. ಆಗ ಅವರಿಗೆ ನಲವತ್ತರ ಆಸುಪಾಸು. ಕುತ್ತಿಗೆಗೆ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ನುಂಗಿಬಿಟ್ಟಾರು ಎಂದು ನಮಗೇ ಭಯ. ಅವರ ಗಂಡ ಯಾವಾಗಲೋ ಊರು ಬಿಟ್ಟು ಹೋಗಿದ್ದ. ಎಲ್ಲಿಗೆ, ಯಾಕೆ ಎಂದು ಊರೆಲ್ಲ ತಲೆಗೊಂದು ಕಥೆ ಹೇಳುತ್ತಿತ್ತು. ಒಮ್ಮೆ ನಾನೇ ಬಾಯಿ ತಡೆಯಲಾರದೆ ಕೇಳಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅದ್ರ ಬಾಲ ನಂಗೂ ಸಿಕ್ಕಿಲ್ಲ ಕಣೇ" ಎಂದು ನಕ್ಕು ಮಿಷನ್ನು ತುಳಿದರು.

ಬಾಲ ಎಂದರೆ ಅವರ ಭಾಷೆಯಲ್ಲಿ ಕಥೆಯ ಕೊನೆಯ ಅಧ್ಯಾಯ. ಅವರ ಲೈಬ್ರರಿಯ ಪದ್ಧತಿಯೇ ಬೇರೆ. ಹೊಸದೊಂದು ಪತ್ತೇದಾರಿ ಕಾದಂಬರಿ ಬಂತೆಂದರೆ, ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಕೊನೆಯ ಅಧ್ಯಾಯವನ್ನು ನಾಜೂಕಾಗಿ ಬಿಡಿಸಿ ತೆಗೆಯುತ್ತಿದ್ದರು. ರವಿಕೆ ಕತ್ತರಿಸಿ ಉಳಿದ ತುಂಡು ಬಟ್ಟೆಯನ್ನೇ ರಟ್ಟಿಗೆ ಅಂಟಿಸಿ, ಆ ಹಾಳೆಗಳನ್ನು ಮಿಷನ್ನಿನಲ್ಲೇ ಹೊಲಿದು ಬೇರೆ ಪುಸ್ತಕ ಮಾಡುತ್ತಿದ್ದರು. ಅವೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇರುತ್ತಿದ್ದವು. ನಾವು ಒಯ್ಯುತ್ತಿದ್ದದ್ದು ಬಾಲವಿಲ್ಲದ ಪುಸ್ತಕ. ಓದಿ ಮುಗಿಸಿ ಬಂದು, ಮಿಷನ್ನಿನ ಮುಂದೆ ನಿಂತು, ಯಾರ ಮೇಲೆ ಅನುಮಾನ ಎಂದು ಹೇಳಬೇಕು. ಹೇಳಿದರೆ ಮಾತ್ರ ಬಾಲ.

"ಕೊನೇ ಹಾಳೆ ಮೊದ್ಲು ಓದೋರು, ಧಾರೆ ಬುಟ್ಟು ಊಟಕ್ಕೆ ಮಾತ್ರ ಬರೋ ನೆಂಟರ ಹಂಗೆ" ಎನ್ನುತ್ತಿದ್ದರು.

ಅನುಮಾನ ಹೇಳುವುದೂ ಸುಲಭವಿರಲಿಲ್ಲ. ಅವರು ತುಳಿಯುವುದನ್ನು ನಿಲ್ಲಿಸಿ, ಸೂಜಿಗಳನ್ನು ಬಾಯಿಂದ ತೆಗೆದು, ಎರಡೇ ಪ್ರಶ್ನೆ ಕೇಳುತ್ತಿದ್ದರು. "ಅವ್ನೇ ಯಾಕೆ? ಬೇರೇರು ಯಾಕಲ್ಲ?" ನಾವು ಕಾರಣ ಕೊಡಬೇಕು. ಕೊಟ್ಟ ಮೇಲೆ ಬಾಲದ ಹಿಂಬದಿಯ ಖಾಲಿ ಹಾಳೆಯಲ್ಲಿ ನಮ್ಮ ಹೆಸರು, ನಮ್ಮ ಅನುಮಾನ, ಮುಂದೆ ಸರಿ ಅಥವಾ ತಪ್ಪು ಎಂದು ಬರೆಯುತ್ತಿದ್ದರು. ತಪ್ಪಾದರೆ ಎರಡನೇ ಸಲ ಹೇಳಲು ಅವಕಾಶವಿತ್ತು. ಅವರು ಅದಕ್ಕೂ ಒಂದು ಗೆರೆ ಬಿಡುತ್ತಿದ್ದರು. ಎಷ್ಟು ಹುಡುಗಿಯರು, ಎಷ್ಟು ಬಾಲಗಳು, ಎಲ್ಲದರ ಹಿಂದೆಯೂ ಅವರ ಗುಂಡು ಅಕ್ಷರ.

ನನ್ನ ಹೆಸರಿನ ಮುಂದೆ ಮುಕ್ಕಾಲು ಪಾಲು ತಪ್ಪೇ. "ಅಡುಗೆಯವಳು" ಎನ್ನುತ್ತಿದ್ದೆ, ತಪ್ಪು. "ಮಲತಾಯಿ" ಎನ್ನುತ್ತಿದ್ದೆ, ತಪ್ಪು. ಒಂದು ದಿನ ಅಕ್ಕ ಹೇಳಿದರು: "ವೀಣಾ, ನಿಂಗೆ ಯಾರು ಇಷ್ಟ ಇಲ್ವೋ ಅವ್ರ ಮೇಲೇ ನಿನ್ನ ಅನುಮಾನ. ಹಂಗೆ ನೋಡ್ಬಾರ್ದು. ಕಳ್ಳ ಮೊದ್ಲನೇ ಅಧ್ಯಾಯದಲ್ಲೇ ಬಂದಿರ್ತಾನೆ. ನಾವೇ ಅವ್ನಿಗೆ ಮಣೆ ಹಾಕಿ ಕೂರ್ಸಿರ್ತೀವಿ." ನಾನು ಮುಖ ಊದಿಸಿಕೊಂಡು ಬಂದಿದ್ದೆ. ನನ್ನ ಗೆಳತಿ ಶೋಭಾಳ ಹೆಸರಿನ ಮುಂದೆ ಮಾತ್ರ ಯಾವಾಗಲೂ ಸರಿ.

ಆ ಪುಸ್ತಕಗಳಲ್ಲಿ ಏನಿತ್ತು ಎಂದು ಈಗ ಯಾರಾದರೂ ಕೇಳಿದರೆ ನಗು ಬರುತ್ತದೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಕಥೆ. ಮೂವರು ಗೆಳತಿಯರು, ನಮ್ಮದೇ ವಯಸ್ಸು. ಒಬ್ಬಳು ಕಾಣೆಯಾಗುತ್ತಾಳೆ. ಉಳಿದಿಬ್ಬರು ಹುಡುಕಲು ಹೊರಡುತ್ತಾರೆ. ನಡುವೆ ಒಬ್ಬ ಹುಡುಗ, ಅವನನ್ನು ನಂಬಬೇಕೋ ಬೇಡವೋ ಕೊನೆಯವರೆಗೂ ತಿಳಿಯುವುದಿಲ್ಲ. ಆದರೆ ಆ ಹುಡುಗಿಯರು ದೊಡ್ಡವರನ್ನು ಪ್ರಶ್ನೆ ಕೇಳುತ್ತಿದ್ದರು. "ನಿನ್ನೆ ಸಂಜೆ ನೀವು ಎಲ್ಲಿದ್ದಿರಿ?" ಎಂದು ಒಬ್ಬ ಹುಡುಗಿ ತನ್ನ ಚಿಕ್ಕಪ್ಪನನ್ನೇ ಕೇಳುತ್ತಾಳೆ, ಅವನು ಬೆವರುತ್ತಾನೆ. ನಮ್ಮ ಮನೆಗಳಲ್ಲಿ ಹುಡುಗಿ ಅಂಥ ಪ್ರಶ್ನೆ ಕೇಳಿದ್ದರೆ ಕೆನ್ನೆ ಊದುತ್ತಿತ್ತು. ಒಬ್ಬಳಿಗಾಗಿ ಇನ್ನೊಬ್ಬಳು ಪ್ರಾಣ ಕೊಡುವಂಥ ಸ್ನೇಹ, ಬೆರಳು ಸೋಕಿದರೆ ಎರಡು ಪುಟ ನಡೆಯುವಂಥ ಪ್ರೀತಿ. ಶೋಭಾ ಮತ್ತು ನಾನು ಅದನ್ನೆಲ್ಲ ಗಟಗಟ ಕುಡಿದೆವು.

ಶೋಭಾ ದಂಡಿನಶಿವರದ ಕಡೆಯ ಹಳ್ಳಿಯವಳು. ಬಸ್ಸಿನಲ್ಲಿ ಬರುತ್ತಿದ್ದಳು. ಅದೇ ಬಸ್ಸಿಗೆ ಬರುವ ಡಿಗ್ರಿ ಹುಡುಗನೊಬ್ಬನಿಗೂ ಅವಳಿಗೂ ಕಾಗದ ನಡೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಅಂಚೆ ಡಬ್ಬ ಅಕ್ಕನ ಲೈಬ್ರರಿಯೇ. ಯಾರೂ ಮುಟ್ಟದ ಒಂದು ಪುಸ್ತಕದೊಳಗೆ ಅವಳು ಇಡುವುದು, ಅವನು ತೆಗೆಯುವುದು. ಯಾವ ಪುಸ್ತಕ ಎಂದು ನನಗೂ ಹೇಳಿರಲಿಲ್ಲ. "ಹೇಳಿದ್ರೆ ನೀನು ಮೊದ್ಲು ಓದ್ತೀಯ ಕಣೇ" ಎಂದು ಕೆನ್ನೆ ಹಿಂಡಿದ್ದಳು. ಅಕ್ಕನಿಗೂ ಗುಮಾನಿ ಇತ್ತೆಂದು ಕಾಣುತ್ತದೆ. ಶೋಭಾ ಕಪಾಟಿನ ಹತ್ತಿರ ನಿಂತರೆ ಅವರು ಬೇಕೆಂದೇ ಸೂಜಿಗೆ ದಾರ ಪೋಣಿಸಲು ಬಗ್ಗುತ್ತಿದ್ದರು.

ಎರಡನೇ ಪಿಯುಸಿ ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟ ದಿನ ನಾನು ಲೈಬ್ರರಿಗೆ ಹೋದೆ. ಓದದೆ ಉಳಿದ ಪುಸ್ತಕವೇ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ರಟ್ಟು ಹರಿದ ಒಂದು ಕಾದಂಬರಿ ಕಂಡಿತು. ಅಕ್ಕ ಮದುವೆಯ ರವಿಕೆಗಳ ರಾಶಿಯಲ್ಲಿ ಮುಳುಗಿದ್ದರು. "ಬರ್ದಿಟ್ಟು ತಗೊಂಡೋಗು" ಎಂದರು, ತಲೆ ಎತ್ತಲಿಲ್ಲ. ಮನೆಯಲ್ಲಿ ಪರೀಕ್ಷೆ ಮುಗಿಯುವವರೆಗೆ ಕಥೆ ಪುಸ್ತಕ ಕಂಡರೆ ಒಲೆಗೆ ಹಾಕುತ್ತೇನೆ ಎಂದು ಅಮ್ಮ ಗದರಿದ್ದರು. ಅದಕ್ಕೇ ತೆರೆದೂ ನೋಡದೆ ಅದನ್ನು ಅಟ್ಟದಲ್ಲಿ ಬಚ್ಚಿಟ್ಟೆ.

ನಮ್ಮ ಕಡೆಯ ಅಟ್ಟ ಎಂದರೆ ಬ್ಯಾಂಕಿನ ಲಾಕರ್ ಇದ್ದಂತೆ. ಅಡುಗೆಮನೆಯ ಮೇಲೆ, ಒಲೆಯ ಹೊಗೆ ತಾಗುವ ಕಡೆ, ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ತುಂಬುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಅತ್ತ ಯಾರೂ ತಲೆ ಹಾಕುವುದಿಲ್ಲ. ನಮ್ಮದು ಹಿಂದಿನ ಮೇ ತಿಂಗಳಲ್ಲಿ ತುಂಬಿದ ಅಟ್ಟ, ಇಳಿಸುವುದು ಪರೀಕ್ಷೆಯೆಲ್ಲ ಮುಗಿದ ಮೇಲೆ. ಹುಡುಗಿಯರು ಏನು ಬಚ್ಚಿಡಬೇಕಾದರೂ ನಮ್ಮಲ್ಲಿ ಅಟ್ಟವೇ. ನನ್ನ ಅಜ್ಜಿಯೂ ಅಲ್ಲೇ ನಶ್ಯದ ಡಬ್ಬಿ ಇಡುತ್ತಿದ್ದಳಂತೆ.

ಆ ವರ್ಷ ಕೊಬ್ಬರಿಗೆ ಇದ್ದಕ್ಕಿದ್ದಂತೆ ರೇಟು ಬಂತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ಸುದ್ದಿ ಬಂದ ಎರಡನೇ ದಿನ ಅಪ್ಪ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ ನೋಡಿ, ಒಣಗಿದಷ್ಟನ್ನು ಇಳಿಸಿಬಿಟ್ಟರು. ನಾನು ಗ್ರೂಪ್ ಸ್ಟಡಿಗೆ ಹೋಗಿದ್ದೆ. ಬಂದಾಗ ಅಮ್ಮ, "ನಿನ್ನ ಕಥೆ ಪುಸ್ತಕ ಸಿಕ್ತು. ನಿಮ್ಮಪ್ಪ ಲೈಬ್ರರಿಗೆ ವಾಪಸ್ ಕೊಟ್ಟು ಬಂದವ್ರೆ. ಇವತ್ತು ಒದೆ ತಿನ್ತಿದ್ದೆ ನೋಡು" ಎಂದರು. ಅಪ್ಪ ಸಂಜೆ ಬೈಯಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಲೆಕ್ಕದ ಪುಸ್ತಕ ತೆರೆದೆ.

ಮಾರನೆಯ ದಿನ ಸಿಡಿಲು ಬಡಿಯಿತು. ಶೋಭಾ ಆ ಹುಡುಗನಿಗೆ ಬರೆದ ಕಾಗದ ಅವಳ ಅಪ್ಪನ ಕೈ ಸೇರಿತ್ತು. "ಲೈಬ್ರರಿ ಪುಸ್ತಕದಲ್ಲಿ ಸಿಕ್ಕಿತಂತೆ" ಎಂದು ಊರೆಲ್ಲ ಸುದ್ದಿ. ಅವಳ ಅಪ್ಪ, ದೊಡ್ಡಪ್ಪ ಎಲ್ಲ ಬಂದು ಅಕ್ಕನ ಪುಸ್ತಕಗಳನ್ನು ಬೀದಿಗೆ ಎಸೆದರು. "ಹುಡುಗೀರ್ನ ಕೆಡ್ಸೋ ಅಂಗಡಿ ಇಟ್ಟಿದೀಯಾ" ಎಂದು ಕೂಗಾಡಿದರು. ಶೋಭಾಳನ್ನು ಪರೀಕ್ಷೆಗೂ ಕೂರಿಸಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಂದಿಕೆರೆಗೆ ಕೊಟ್ಟು ಮದುವೆ ಮಾಡಿಬಿಟ್ಟರು. ನಮ್ಮಿಬ್ಬರಲ್ಲಿ ಜಾಣೆ ಅವಳು. ಟೀಚರ್ ಆಗಬೇಕೆಂದಿದ್ದವಳೂ ಅವಳೇ, ನಾನಲ್ಲ.

ಯಾರು ಹೇಳಿರಬಹುದು? ಇಷ್ಟೊಂದು ಪತ್ತೇದಾರಿ ಓದಿದ ನನಗೆ ಅದನ್ನು ಕಂಡುಹಿಡಿಯುವುದು ಕಷ್ಟವೇ? ಕಾಗದ ಇದ್ದದ್ದು ಲೈಬ್ರರಿಯಲ್ಲಿ. ಅಲ್ಲಿ ಇರುತ್ತಿದ್ದವರು ಒಬ್ಬರೇ. ನಾನು ಸೀದಾ ಹೋದೆ. ರವಿಕೆ ಕೊಡಲು ಬಂದಿದ್ದ ಇಬ್ಬರು ಹೆಂಗಸರ ಎದುರಿಗೇ ಹೇಳಿದೆ: "ನೀವೇ ಕೊಟ್ಟಿದ್ದು. ನನ್ನ ಅನುಮಾನ ನಿಮ್ಮ ಮೇಲೇ."

ಅಕ್ಕ ತುಳಿಯುವುದನ್ನು ನಿಲ್ಲಿಸಿದರು. ಬಾಯಿಂದ ಸೂಜಿ ತೆಗೆದರು. ಯಾವಾಗಲೂ ಕೇಳುವಂತೆಯೇ ಕೇಳಿದರು: "ನಾನೇ ಯಾಕೆ? ಬೇರೇರು ಯಾಕಲ್ಲ?"

"ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ಅವ್ಳ ಜೀವನ ಹಾಳು ಮಾಡಿದ್ರಿ."

ಅವರು ಸೂಜಿಗಳನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡರು. "ಆಯ್ತು ಬುಡು, ಬರ್ಕೋತೀನಿ" ಎಂದರು. ಅಷ್ಟೇ. ನಾನು ಅಲ್ಲಿಂದ ಇಳಿದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಲೈಬ್ರರಿ ಮತ್ತೆ ಬಾಗಿಲು ತೆರೆಯಲಿಲ್ಲ. ಹೆಣ್ಣುಮಕ್ಕಳ ರವಿಕೆಗಳೂ ಬೇರೆ ಟೈಲರ್ ಕಡೆ ಹೋದವು. ಅಕ್ಕ ಕೊನೆಗೆ ಹರಿದ ಚೀಲ, ದಿಂಬಿನ ಚೀಲ ಹೊಲಿದುಕೊಂಡು ಇದ್ದರು ಎಂದು ಕೇಳಿದ್ದೆ. ಆಗ ನನ್ನ ಮನಸ್ಸಿನಲ್ಲಿ, ಅನುಭವಿಸಲಿ ಎಂದುಕೊಂಡಿದ್ದೂ ಉಂಟು.

ಈಗ ಗಂಟಿನ ಮಾತು. ಹಳೆಯ ರವಿಕೆಯ ಬಟ್ಟೆಯಲ್ಲಿ ಕಟ್ಟಿದ್ದರು. ಒಳಗೆ ರಟ್ಟು ಹರಿದ ಅದೇ ಕಾದಂಬರಿ, ಜೊತೆಗೆ ನೇರಳೆ ಬಟ್ಟೆ ಹೊದಿಸಿದ ಅದರ ಬಾಲ. ಪುಸ್ತಕ ಬಿಡಿಸಿದರೆ ಹೊಗೆಯ ವಾಸನೆ. ನಡುವಿನ ಪುಟಗಳಲ್ಲಿ ಮಸಿ, ಎರಡು ಎಳೆ ತೆಂಗಿನ ನಾರು. ನನಗೆ ಇನ್ನೂ ಏನೂ ಹೊಳೆಯಲಿಲ್ಲ. ಬಾಲದ ಹಿಂಬದಿಯ ಹಾಳೆ ತಿರುಗಿಸಿದೆ. ಅದೇ ಗುಂಡು ಅಕ್ಷರ, ಮೂರೇ ಗೆರೆ.

"ವೀಣಾ: ಲೈಬ್ರರಿ ಅಕ್ಕ. ತಪ್ಪು."

"ಶೋಭಾ: ವೀಣಾ ಮನೆ ಅಟ್ಟ. ಸರಿ."

"ವೀಣಾ, ಎರಡನೇ ಸಲ:" ಮುಂದೆ ಖಾಲಿ.

ಕೂತಲ್ಲೇ ಕೂತೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೆ. ಪುಸ್ತಕ ತಂದವಳು ನಾನು, ಅಟ್ಟಕ್ಕೆ ಹಾಕಿದವಳು ನಾನು, ಅಪ್ಪ ಅದನ್ನು ಇಳಿಸಿದ್ದು ನನಗೆ ಗೊತ್ತು, ಮಾರನೆಯ ದಿನವೇ ಕಾಗದ ಸಿಕ್ಕಿದ್ದೂ ಗೊತ್ತು. ಹನ್ನೆರಡು ವರ್ಷ ಈ ನಾಲ್ಕನ್ನು ನಾನು ಒಂದು ಕಡೆ ಇಟ್ಟು ನೋಡಲೇ ಇಲ್ಲ.

ತವರಿಗೆ ಓಡಿದೆ. ಅಪ್ಪ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಕೇಳಿದೆ. ಅವರು ಗಾಬರಿಯಾಗಲಿಲ್ಲ.

"ಕಾಯಿ ಜೊತೇಲಿ ಪುಸ್ತಕ ಉರುಳ್ತು. ಅದ್ರಿಂದ ಕಾಗದ ಬಿತ್ತು. ಹೆಸ್ರು ನೋಡ್ದೆ. ಅವ್ರಪ್ಪನೂ ನಾನೂ ಒಂದೇ ಲಾರೀಲಿ ಕೊಬ್ಬರಿ ಹಾಕ್ಕೊಂಡು ತಿಪಟೂರಿಗೆ ಹೋಗೋರು ಕಣವ್ವ. ಮುಚ್ಚಿಡೋಕಾಯ್ತದಾ?"

"ಲೈಬ್ರರೀಲಿ ಸಿಕ್ತು ಅಂತ ಯಾಕೆ ಹೇಳಿದ್ರಿ?"

"ಹಂಗನ್ಲಿಲ್ಲ. ಲೈಬ್ರರಿ ಪುಸ್ತಕದಲ್ಲಿ ಸಿಕ್ತು ಅಂದೆ. ಸುಳ್ಳೇನು ಅದು? ನನ್ನ ಮಗಳ ಹೆಸ್ರು ಬೀದೀಗೆ ಬರ್ಬಾರ್ದು ಅಂತಿತ್ತು." ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಅವರೇ ಮುಂದುವರಿಸಿದರು: "ಆಯಮ್ಮನ್ಗೆ ಪುಸ್ತಕ ವಾಪಸ್ ಕೊಡುವಾಗ ಎಲ್ಲ ಹೇಳಿದ್ದೆ. ಶೋಭಾ ಅಪ್ಪನೋರು ಬಂದು ಪುಸ್ತಕ ಎಸೆಯುವಾಗ ಆಯಮ್ಮ ಒಂದು ಮಾತು ಆಡಿದ್ರೆ ಸಾಕಿತ್ತು, ನಾನು ಸಿಕ್ಕಾಕೋತಿದ್ದೆ. ಬಾಯೇ ಬಿಡ್ಲಿಲ್ಲ. ಆಮೇಲೆ ನಾನೇ ಹೋಗಿ ಕೈ ಮುಗ್ದೆ. 'ಮಗೂಗೆ ಮಾತ್ರ ನೀವು ಹೇಳ್ಬೇಡಿ, ಹುಡುಗೀರಿಬ್ರೂ ಬೇರೆ ಆಗ್ತವೆ' ಅಂದ್ಲು."

ನನ್ನ ಅಪ್ಪ ಕೆಟ್ಟವರಲ್ಲ. ನಾನು ಸ್ಕೂಟಿ ಕಲಿಯುವಾಗ ಹಿಂದೆ ಓಡಿ ಬಂದವರು. ಆ ದಿನ ಅವರ ಮುಖ ನೋಡಲು ನನಗೆ ಆಗಲಿಲ್ಲ, ಇವತ್ತಿಗೂ ಆಗುತ್ತಿಲ್ಲ. ಮಣೆ ಹಾಕಿ ಕೂರಿಸಿರುತ್ತೀವಿ ಎಂದು ಅಕ್ಕ ಹೇಳಿದ್ದು ಜಗಲಿಯಲ್ಲೇ ನೆನಪಾಯಿತು.

ಶೋಭಾ ಕಂದಿಕೆರೆಯಲ್ಲಿದ್ದಾಳೆ. ಎರಡು ಮಕ್ಕಳು, ತೋಟ, ಹಸು. ಗಂಡ ಒಳ್ಳೆಯವನು. ಹುಳಿಯಾರಿನಲ್ಲಿ ನನಗೆ ಕೆಲಸವಾದಾಗಿನಿಂದ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಇಬ್ಬರೂ ಈಗಲೂ ಪತ್ತೇದಾರಿ ಓದುತ್ತೇವೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪುಸ್ತಕ ಕಳಿಸಿಕೊಳ್ಳುತ್ತೇವೆ. ಅಂಥವಳ ಮುಂದೆ ಹೋಗಿ ನಿಂತೆ. ಅವಳು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಾಲವನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿದಳು.

"ಗೊತ್ತಿತ್ತೇನೇ ನಿಂಗೆ?"

"ಅಪ್ಪ ಕಾಗದ ಮುಖಕ್ಕೆ ಎಸ್ದಾಗ್ಲೇ ಗೊತ್ತಾಯ್ತು. ಹೊಗೆ ವಾಸ್ನೆ ಹೊಡೀತಿತ್ತು. ಕಾಗದದ ಮಡಿಕೇಲಿ ತೆಂಗಿನ ನಾರು. ಲೈಬ್ರರೀಲಿ ಅಟ್ಟ ಎಲ್ಲೈತೆ ಹೇಳು? ಅಲ್ಲಿರೋ ಹಳೇ ಪುಸ್ತಕನೂ ಬಿಡ್ದೆ ಓದೋಳು ಇನ್ಯಾರವ್ಳೆ?"

"ಗೊತ್ತಿದ್ದೂ ಸುಮ್ನಿದ್ಯಾ?"

"ಎಲ್ಲಿ ಸುಮ್ನಿದ್ದೆ. ನಿನ್ಮೇಲೆ ಉರ್ಕೊಂಡಿದ್ದೆ. ಮದುವೇಲಿ ನಿನ್ನ ಮುಖ ನೋಡ್ಲಿಲ್ಲ. ನೀನು ನಾಚ್ಕೆ ಅಂದ್ಕೊಂಡೆ." ಅವರೆಕಾಯಿಯ ಸಿಪ್ಪೆಯನ್ನು ಹಸುವಿನ ಕಡೆ ಎಸೆದಳು. "ಮೊದ್ಲನೇ ಸಲ ತವರಿಗೆ ಬಂದಾಗ ಅಕ್ಕನ ಹತ್ರ ಹೋಗಿ ಹೇಳ್ದೆ. ಬರ್ಕೊಂಡ್ರು. ಸರಿ ಅಂದ್ರು. ಬಾಲ ಕೊಟ್ರು, ಅಲ್ಲೇ ಕೂತು ಓದಿ ಅತ್ತುಬಿಟ್ಟೆ. ನೀನು ಗೊತ್ತಿಲ್ದೆ ತಗೊಂಡೋಗಿದ್ದೆ ಅಂತ ಅವ್ರೇ ಹೇಳಿದ್ದು. ವೀಣಂಗೆ ಹೇಳ್ಳಾ ಅಂದೆ. 'ಬ್ಯಾಡ ಕಣೇ, ಅವ್ಳೇ ಬಂದು ಕೇಳ್ಲಿ. ಬಂದೇ ಬತ್ತಾಳೆ. ಬಾಲ ಓದ್ದೆ ಇರೋ ಹುಡುಗಿ ಅಲ್ಲ ಅವ್ಳು' ಅಂದ್ರು."

ಅವಳ ಮಗಳ ಪೆನ್ಸಿಲ್ ಅಲ್ಲೇ ಬಿದ್ದಿತ್ತು. ತೆಗೆದುಕೊಂಡು ಖಾಲಿ ಗೆರೆಯಲ್ಲಿ "ನಾನು" ಎಂದು ಬರೆದೆ. ಶೋಭಾ ಸೆರಗಿಗೆ ಕೈ ಒರೆಸಿಕೊಂಡು ಪೆನ್ಸಿಲ್ ಕಿತ್ತುಕೊಂಡಳು. ಅದರ ಮುಂದೆ "ತಪ್ಪು" ಎಂದು ಬರೆದಳು.

"ಮತ್ತೆ ಯಾರೇ?"

"ಆ ವರ್ಷದ ಕೊಬ್ಬರಿ ರೇಟು ಕಣೇ. ಬಾ, ಕಾಫಿ ಕುಡಿ."

ಅವಳು ನಗಿಸಲು ಹೇಳಿದ್ದು. ನಾನೂ ನಕ್ಕೆ, ಅತ್ತೆ, ಕಾಫಿ ಕುಡಿದೆ. ಆದರೆ ಅಲ್ಲಿ ಸರಿಯೋ ತಪ್ಪೋ ಬರೆಯಬೇಕಾಗಿದ್ದ ಕೈ ಅವಳದ್ದಲ್ಲ. ಆ ಕೈಯವರು ನನಗೆಂದು ಒಂದು ಗೆರೆ ಖಾಲಿ ಬಿಟ್ಟು, ಬಂದೇ ಬರುತ್ತಾಳೆ ಎಂದು ಮಿಷನ್ನಿನ ಮುಂದೆ ಹನ್ನೆರಡು ವರ್ಷ ಕೂತಿದ್ದರು. ನಾನು ಕೆರೆ ಏರಿಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.